ಎಂಬಿ_ಸಬ್‌ಸ್ಟ್ರ್

ಎಂಬಿ_ಸಬ್‌ಸ್ಟ್ರ್ ಎಂಬುದು ಪಿಎಚ್‌ಪಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಹುಬೈಟ್ ಪಠ್ಯದಿಂದ ಬೇಕಾದ ಭಾಗವನ್ನು ಮಾತ್ರ ಬೇರ್ಪಡಿಸಿ ಕೊಡುವ ಫಂಕ್ಷನ್ ಆಗಿದೆ. ಹೆಸರಿನಲ್ಲಿರುವ ‘ಎಂಬಿ’ ಎಂಬುದು ಮಲ್ಟಿಬೈಟ್ ಪದದ ಮತ್ತು ‘ಸಬ್‌ಸ್ಟ್ರ್’ ಎಂಬುದು ಸಬ್‌ಸ್ಟ್ರಿಂಗ್ ಪದದ ಹ್ರಸ್ವರೂಪ. ಜಾಲತಾಣಗಳಲ್ಲಿ ಲೇಖನದ ಆರಂಭದ ಕೆಲವು ಅಕ್ಷರಗಳನ್ನಷ್ಟೇ ತೋರಿಸಲು ಅಥವಾ ದೀರ್ಘ ಶೀರ್ಷಿಕೆಯನ್ನು ಮೊಟಕುಗೊಳಿಸಲು ಇದನ್ನು ಬಳಸಲಾಗುತ್ತದೆ. ಇದು ಪಿಎಚ್‌ಪಿ 4.0.6 ಆವೃತ್ತಿಯಿಂದ ಲಭ್ಯವಿದೆ.

ಹಿನ್ನೆಲೆ

ಪಿಎಚ್‌ಪಿಯಲ್ಲಿ ಸ್ಟ್ರಿಂಗ್ ಎಂದರೆ ಬೈಟ್‌ಗಳ ಸಾಲು. ಅದರ ಮೂಲ ಫಂಕ್ಷನ್ ಆದ ಸಬ್‌ಸ್ಟ್ರ್ ಬೈಟ್‌ಗಳನ್ನೇ ಎಣಿಸುತ್ತದೆ. ಇಂಗ್ಲಿಷ್ ಅಕ್ಷರಗಳಿಗೆ ತಲಾ ಒಂದೇ ಬೈಟ್ ಸಾಕಾಗುವುದರಿಂದ ಅಲ್ಲಿ ತೊಂದರೆಯಿಲ್ಲ. ಆದರೆ 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಒಂದು ಸಂಕೇತಕ್ಕೆ 1ರಿಂದ 4 ಬೈಟ್‌ಗಳು ಬೇಕಾಗಬಹುದು. ಯುನಿಕೋಡ್‌ನ ಕನ್ನಡ ವಿಭಾಗದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್‌ಗಳು ಬೇಕು.

‘ಕನ್ನಡ’ ಎಂಬ ಪದವನ್ನು ಗಣಕವು ಕ, ನ, ್, ನ, ಡ ಎಂಬ 5 ಸಂಕೇತಗಳಾಗಿ, ಅಂದರೆ 15 ಬೈಟ್‌ಗಳಾಗಿ ಸಂಗ್ರಹಿಸುತ್ತದೆ. ಸಬ್‌ಸ್ಟ್ರ್ ಮೂಲಕ ಮೊದಲ 4 ಬೈಟ್‌ಗಳನ್ನು ಪಡೆದರೆ ‘ಕ’ ಅಕ್ಷರದ ನಂತರ ‘ನ’ ಅಕ್ಷರದ ಒಂದು ಬೈಟ್ ಮಾತ್ರ ಉಳಿಯುತ್ತದೆ. ಬ್ರೌಸರ್ ಅದನ್ನು ಪ್ರಶ್ನಾರ್ಥಕ ಚಿಹ್ನೆಯುಳ್ಳ ಕಪ್ಪು ವಜ್ರಾಕೃತಿಯಾಗಿ ತೋರಿಸುತ್ತದೆ. ಇಂತಹ ಅಪೂರ್ಣ ಪಠ್ಯವನ್ನು ಜೇಸನ್ ರೂಪಕ್ಕೆ ಪರಿವರ್ತಿಸುವ ಪಿಎಚ್‌ಪಿ ಫಂಕ್ಷನ್ ಸಾಮಾನ್ಯವಾಗಿ ವಿಫಲವಾಗುತ್ತದೆ.

ಬಳಕೆ

ಈ ಫಂಕ್ಷನ್‌ಗೆ ನಾಲ್ಕು ಮೌಲ್ಯಗಳನ್ನು ನೀಡಬಹುದು:

• ಪಠ್ಯ.
• ಆರಂಭಸ್ಥಾನ: ಎಣಿಕೆ 0ಯಿಂದ ಮೊದಲಾಗುತ್ತದೆ. ಋಣಸಂಖ್ಯೆ ನೀಡಿದರೆ ಪಠ್ಯದ ಕೊನೆಯಿಂದ ಎಣಿಸಲಾಗುತ್ತದೆ.
• ಉದ್ದ: ಇದು ಐಚ್ಛಿಕ. ನೀಡದಿದ್ದರೆ ಪಠ್ಯದ ಕೊನೆಯವರೆಗಿನ ಭಾಗ ದೊರೆಯುತ್ತದೆ.
• ಎನ್‌ಕೋಡಿಂಗ್: ಇದೂ ಐಚ್ಛಿಕ.

ಆರಂಭಸ್ಥಾನ 0 ಮತ್ತು ಉದ್ದ 3 ಎಂದು ನೀಡಿದಾಗ ‘ಕನ್ನಡ’ ಪದದಿಂದ ‘ಕನ್’ ಎಂಬ ಭಾಗವೂ, ಆರಂಭಸ್ಥಾನ -1 ಎಂದು ನೀಡಿದಾಗ ‘ಡ’ ಅಕ್ಷರವೂ ದೊರೆಯುತ್ತವೆ. ಎಂಬಿಸ್ಟ್ರಿಂಗ್ ವಿಸ್ತರಣೆಯು ಪಿಎಚ್‌ಪಿಯಲ್ಲಿ ತಾನಾಗಿಯೇ ಸಕ್ರಿಯವಾಗಿರುವುದಿಲ್ಲ. ಸರ್ವರ್‌ನಲ್ಲಿ ಅದು ಇದೆಯೇ ಎಂದು ಮೊದಲೇ ಪರಿಶೀಲಿಸಬೇಕು.

ಕನ್ನಡ ಪಠ್ಯದಲ್ಲಿನ ಮಿತಿಗಳು

ಎಂಬಿ_ಸಬ್‌ಸ್ಟ್ರ್ ಬೈಟ್‌ಗಳ ಬದಲು ಯುನಿಕೋಡ್ ಸಂಕೇತಗಳನ್ನು ಎಣಿಸುತ್ತದೆಯೇ ಹೊರತು ಓದುಗರು ಗುರುತಿಸುವ ಅಕ್ಷರಗಳನ್ನಲ್ಲ. ಕನ್ನಡದ ಗುಣಿತಾಕ್ಷರ ಮತ್ತು ಒತ್ತಕ್ಷರಗಳು ಒಂದಕ್ಕಿಂತ ಹೆಚ್ಚು ಸಂಕೇತಗಳಿಂದ ರಚಿತವಾಗಿರುವುದರಿಂದ ಪಠ್ಯವು ಅಕ್ಷರದ ನಡುವೆಯೇ ತುಂಡಾಗಬಹುದು. ‘ಕಾಲು’ ಪದದಲ್ಲಿ 4 ಸಂಕೇತಗಳಿವೆ. ಮೊದಲ 3ನ್ನು ಮಾತ್ರ ಪಡೆದರೆ ಕೊನೆಯ ಉಕಾರ ಬಿಟ್ಟುಹೋಗಿ ‘ಕಾಲ’ ಎಂದಾಗುತ್ತದೆ. ಬೈಟ್ ತುಂಡಾದಾಗ ಕಾಣುವ ವಿಚಿತ್ರ ಚಿಹ್ನೆ ಇಲ್ಲಿ ಕಾಣುವುದಿಲ್ಲ. ಫಲಿತಾಂಶವು ಅರ್ಥವುಳ್ಳ ಬೇರೊಂದು ಪದವೇ ಆಗಿರುವುದರಿಂದ ದೋಷವು ಗಮನಕ್ಕೆ ಬಾರದೆ ಉಳಿಯುತ್ತದೆ. ಇದಕ್ಕೆ ಪ್ರತಿಯಾಗಿ ಪಠ್ಯದ ಭಾಗವು ಹಲಂತ ಚಿಹ್ನೆಯಿಂದ ಅಥವಾ ಸ್ವರಚಿಹ್ನೆಯಿಂದ ಆರಂಭವಾದರೆ ಅದರ ಜೊತೆಗೆ ಚುಕ್ಕೆಗಳ ವೃತ್ತವೊಂದು ಕಾಣಿಸಿಕೊಳ್ಳಬಹುದು.

ಒಂದೇ ರೀತಿ ಕಾಣುವ ಅಕ್ಷರಗಳ ಸಂಕೇತಗಳ ಸಂಖ್ಯೆಯೂ ಬೇರೆಬೇರೆಯಾಗಿರಬಹುದು. ‘ಕೋ’ ಅಕ್ಷರವನ್ನು 2 ಸಂಕೇತಗಳಲ್ಲಿಯೂ, ಸ್ವರಚಿಹ್ನೆಯನ್ನು ಬಿಡಿಸಿ ಬರೆದರೆ 4 ಸಂಕೇತಗಳಲ್ಲಿಯೂ ಸಂಗ್ರಹಿಸಬಹುದು. ಆದುದರಿಂದ ಎಣಿಸುವ ಮೊದಲು ಪಠ್ಯವನ್ನು ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರುವುದು ಉಚಿತ.

ಪರ್ಯಾಯ ವಿಧಾನಗಳು

ಇಂಟ್ಲ್ ವಿಸ್ತರಣೆಯಲ್ಲಿರುವ ಗ್ರಾಫೀಮ್_ಸಬ್‌ಸ್ಟ್ರ್ ಫಂಕ್ಷನ್ ಮೂಲಾಕ್ಷರವನ್ನೂ ಅದಕ್ಕೆ ಸೇರಿದ ಚಿಹ್ನೆಗಳನ್ನೂ ಒಂದೇ ಘಟಕವಾಗಿ ಎಣಿಸುತ್ತದೆ. ಅದರಲ್ಲಿ ‘ಕಾಲು’ ಪದವು ‘ಕಾ’ ಮತ್ತು ‘ಲು’ ಎಂಬ ಎರಡು ಘಟಕಗಳಾಗುತ್ತದೆ. ಆದರೆ ಒತ್ತಕ್ಷರಗಳ ಸಮಸ್ಯೆ ಇದರಿಂದ ಸಂಪೂರ್ಣವಾಗಿ ಪರಿಹಾರವಾಗುವುದಿಲ್ಲ. 2023ರಲ್ಲಿ ಪ್ರಕಟವಾದ ಯುನಿಕೋಡ್ 15.1 ಆವೃತ್ತಿಯು ಸಂಯುಕ್ತಾಕ್ಷರಗಳನ್ನು ಒಡೆಯದಿರುವ ನಿಯಮವನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ ಅಳವಡಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆದ್ದರಿಂದ ಆ ಆವೃತ್ತಿಯ ಪ್ರಕಾರ ‘ಕನ್ನಡ’ ಪದವು ಕ, ನ್, ನ, ಡ ಎಂಬ 4 ಘಟಕಗಳಾಗುತ್ತದೆ. ಓದುಗರಿಗೆ ಕಾಣುವುದು ಕ, ನ್ನ, ಡ ಎಂಬ 3 ಅಕ್ಷರಗಳು.

ಬೈಟ್‌ಗಳಲ್ಲಿಯೇ ಮಿತಿ ಇರುವಲ್ಲಿ ಎಂಬಿ_ಸ್ಟ್ರ್‌ಕಟ್ ಫಂಕ್ಷನ್ ಬಳಸಬಹುದು. ಅದು ಬೈಟ್‌ಗಳನ್ನು ಎಣಿಸಿದರೂ ಸಂಕೇತದ ನಡುವೆ ತುಂಡರಿಸುವುದಿಲ್ಲ. ಸಾರಾಂಶಗಳಿಗೆ ಸರಳವಾದ ಉಪಾಯವೆಂದರೆ, ಮೊದಲು ಎಂಬಿ_ಸಬ್‌ಸ್ಟ್ರ್ ಮೂಲಕ ಭಾಗವನ್ನು ಪಡೆದು, ಅದರಲ್ಲಿನ ಕೊನೆಯ ಖಾಲಿ ಜಾಗವನ್ನು ಎಂಬಿ_ಸ್ಟ್ರ್‌ಆರ್‌ಪಾಸ್ ಮೂಲಕ ಹುಡುಕಿ, ಅಲ್ಲಿಗೇ ನಿಲ್ಲಿಸುವುದು. ಕನ್ನಡದಲ್ಲಿ ಪದಗಳ ನಡುವೆ ಜಾಗ ಬಿಡುವುದರಿಂದ ಹೀಗೆ ಮಾಡಿದಾಗ ಪದವಾಗಲಿ ಒತ್ತಕ್ಷರವಾಗಲಿ ಒಡೆಯುವುದಿಲ್ಲ.

ಇತರ ಭಾಷೆಗಳಲ್ಲಿ

ಪೈಥಾನ್ 3 ಕೂಡ ಯುನಿಕೋಡ್ ಸಂಕೇತಗಳನ್ನೇ ಎಣಿಸುತ್ತದೆ. ಜಾವಾಸ್ಕ್ರಿಪ್ಟ್‌ನ ಸ್ಲೈಸ್ ಯುಟಿಎಫ್-16 ಘಟಕಗಳನ್ನು ಎಣಿಸುವುದರಿಂದ ಎರಡು ಘಟಕಗಳುಳ್ಳ ಇಮೋಜಿಗಳು ತುಂಡಾಗಬಹುದು. ಎರಡರಲ್ಲಿಯೂ ಗುಣಿತಾಕ್ಷರ ಮತ್ತು ಒತ್ತಕ್ಷರಗಳು ಒಡೆಯುವ ಸಾಧ್ಯತೆ ಇದ್ದೇ ಇದೆ.