ಮೊಟ್ಟೆಯೊಡೆದು ಬರುವ ನಾಯಿಮರಿ

‘ರೋಬ್ಲಾಕ್ಸ್’ ಎಂಬ ಅಂತರ್ಜಾಲ ಆಟಗಳ ತಾಣದಲ್ಲಿ 2017ರಲ್ಲಿ ಆರಂಭವಾದ ‘ಅಡಾಪ್ಟ್ ಮಿ’ ನೋಡಲು ಬಲು ಮುದ್ದಾದ ಆಟ. ಮರಿಗಳಿಗೆ ಉಣಿಸಿ, ಮೀಯಿಸಿ, ಮಲಗಿಸುವುದೇ ಕೆಲಸ, ಹೊಡೆದಾಟವಿಲ್ಲ. ತಾಯಂದಿರು ನಿಶ್ಚಿಂತರಾಗುವುದು ಸಹಜ.

ಆದರೆ ಮರಿ ಬರುವುದು ಮೊಟ್ಟೆಯಿಂದ (ನಾಯಿಮರಿಯೂ ಸಹ!). ಒಳಗೆ ಯಾವುದಿದೆಯೆಂಬುದು ಒಡೆಯುವ ತನಕ ತಿಳಿಯದು. ಅಪರೂಪದ ಮರಿಯ ಆಸೆಗೆ ಮಗು ಮತ್ತೆ ಮತ್ತೆ ಮೊಟ್ಟೆ ಕೊಳ್ಳುತ್ತದೆ. ಲಾಟರಿಯ ಚಟವೂ ಹೀಗೆಯೇ ಅಲ್ಲವೆ? ಆರೈಕೆಯಿಂದ ಗಳಿಸಿದ ಆಟದ ಹಣ ಸಾಲದಾದರೆ, ಮನೆಯ ನಿಜವಾದ ಹಣ ತೆತ್ತು ‘ರೋಬಕ್ಸ್’ ಕೊಳ್ಳುವ ದಾರಿ ತೆರೆದಿದೆ. ಮರಿಗಳ ವಿನಿಮಯದಲ್ಲಿ, “ಮೊದಲು ನೀನು ಕೊಡು” ಎಂದು ನಂಬಿಸಿ ಮಾಯವಾಗುವವರೂ ಉಂಟು.

ಖರ್ಚಿಗೆ ಮಾಸಿಕ ಮಿತಿ ಹಾಕಲು, ಅಪರಿಚಿತರ ಮಾತುಕತೆ ತಡೆಯಲು ಪಾಲಕರಿಗೆ ಅಲ್ಲಿಯೇ ಅನುಕೂಲವಿದೆ. ಅವೆರಡನ್ನೂ ಮಾಡಿ, ಒಂದು ಸಂಜೆ ಮಗುವಿನ ಪಕ್ಕದಲ್ಲಿ ಕುಳಿತು ನೋಡಿದ ಬಳಿಕವೇ ಒಪ್ಪಿಗೆ ಕೊಡಿರಿ.