ಹದಿನಾರು ಮಿಲಿಸೆಕೆಂಡಿನ ಗಡುವು

1998ರ ಸುಮಾರಿಗೆ ಬೆಂಗಳೂರಿನ ಧ್ರುವ ಇಂಟರ್ಯಾಕ್ಟಿವ್ ಎಂಬ ಪುಟ್ಟ ಕಂಪನಿಗೆ ಫ್ರಾನ್ಸಿನ ಇನ್ಫೋಗ್ರಾಮ್ಸ್‌ನಿಂದ ಒಂದು ಕೆಲಸ ಬಂತು. ನಿಂಟೆಂಡೊ 64 ಕನ್ಸೋಲ್‌ಗೆಂದು ರೂಪಿಸಿದ ‘ಮಿಷನ್: ಇಂಪಾಸಿಬಲ್’ ಆಟವನ್ನು ಪಿಸಿಯಲ್ಲಿ ಓಡುವಂತೆ ಮಾಡಿಕೊಡಬೇಕಿತ್ತು. ರಾಜೇಶ್ ರಾವ್ ಆ ಕಂಪನಿಯನ್ನು ಕಟ್ಟಿದ್ದು 1997ರಲ್ಲಿ. ಕೆಲಸ ಕೇಳಲು ಸುಲಭ. ಆಟ ಇದೆ, ಕಥೆ ಇದೆ, ಯಂತ್ರವನ್ನಷ್ಟೇ ಬದಲಿಸಬೇಕು. ಆದರೆ ಆಟದ ಒಡಲಲ್ಲಿರುವ ಗ್ರಾಫಿಕ್ಸ್ ಎಂಜಿನ್‌ಗೆ ಯಂತ್ರವೇ ನೆಲ, ಯಂತ್ರವೇ ನೀರು. ಆ ಪಿಸಿ ಆವೃತ್ತಿ ಕೊನೆಗೂ ಅಂಗಡಿಗೆ ಬರಲಿಲ್ಲ.

ಗ್ರಾಫಿಕ್ಸ್ ಎಂಜಿನ್ ಎಂಬುದು ಒಂದು ಸಾಫ್ಟ್‌ವೇರ್. ಅದು ಸುಂದರ ಚಿತ್ರ ಬಿಡಿಸುತ್ತದೆ ಎಂದು ಎಲ್ಲರೂ ಹೊಗಳುತ್ತಾರೆ. ನನ್ನ ಮಟ್ಟಿಗೆ ಅದರ ಹೆಚ್ಚುಗಾರಿಕೆ ಇರುವುದು ಗಡುವು ಪಾಲಿಸುವುದರಲ್ಲಿ. ಸೆಕೆಂಡಿಗೆ 60 ಚಿತ್ರಗಳು ಬೇಕೆಂದರೆ ಒಂದೊಂದಕ್ಕೂ ಸಿಗುವುದು 16.7 ಮಿಲಿಸೆಕೆಂಡು. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ. ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 50 ಕೋಟಿ ಚುಕ್ಕಿಗಳಿಗೆ ಬಣ್ಣ ನಿರ್ಧರಿಸಬೇಕು.

ಎಂಜಿನ್ ಕಣ್ಣಿಗೆ ಕಾರು, ಮರ, ನಾಯಕನ ಮೂಗು ಎಲ್ಲವೂ ತ್ರಿಕೋನಗಳೇ. ಮೂರು ಬಿಂದುಗಳನ್ನು ಹೇಗೆ ಎಳೆದಾಡಿದರೂ ಅವು ಒಂದೇ ಸಮತಲದಲ್ಲಿ ಉಳಿಯುತ್ತವೆ, ಲೆಕ್ಕ ಕೆಡುವುದಿಲ್ಲ. ಪೀಣ್ಯದ ಶೆಡ್ಡಿನಲ್ಲಿ ಲೋಹ ಕೊರೆಯುವ ಮೊದಲು ಸಿಎನ್‌ಸಿ ಪ್ರೋಗ್ರಾಮರ್ ಪರದೆಯ ಮೇಲೆ ತಿರುಗಿಸಿ ನೋಡುವ ಬಿಡಿಭಾಗವನ್ನೂ ಕಂಪ್ಯೂಟರು ತ್ರಿಕೋನಗಳಾಗಿ ಒಡೆದೇ ತೋರಿಸುತ್ತದೆ. ವ್ಯತ್ಯಾಸ ಗಡುವಿನದು. ಅಲ್ಲಿ ಚಿತ್ರ ಅರ್ಧ ಸೆಕೆಂಡು ತಡವಾದರೆ ಯಾರೂ ಸಾಯುವುದಿಲ್ಲ. ಆಟದಲ್ಲಿ ನಾಯಕ ಸಾಯುತ್ತಾನೆ.

ಆದ್ದರಿಂದ ಎಂಜಿನ್ ಮೊದಲು ಮಾಡುವುದು ಕೆಲಸ ತಪ್ಪಿಸಿಕೊಳ್ಳುವ ಕೆಲಸ. ಬೆನ್ನ ಹಿಂದಿನದು, ಗೋಡೆಯಾಚೆಯದು, ಚೌಕಟ್ಟಿನ ಹೊರಗಿನದು ಎಲ್ಲವನ್ನೂ ಲೆಕ್ಕದಿಂದ ಕಿತ್ತು ಹಾಕುತ್ತದೆ. ಉಳಿದ ತ್ರಿಕೋನಗಳ ಮೂಲೆಗಳು ಪರದೆಯಲ್ಲಿ ಎಲ್ಲಿ ಬೀಳುತ್ತವೆಂದು ಗುಣಿಸಿ, ಒಳಗಿನ ಚುಕ್ಕಿಗಳನ್ನು ತುಂಬುತ್ತದೆ. ಎರಡು ತ್ರಿಕೋನಗಳು ಒಂದೇ ಚುಕ್ಕಿಗೆ ಜಗಳವಾಡಿದರೆ ಯಾವುದು ಗೆಲ್ಲಬೇಕು? ಇದಕ್ಕೆಂದೇ ಪ್ರತಿ ಚುಕ್ಕಿಯ ದೂರವನ್ನು ಬರೆದಿಟ್ಟುಕೊಳ್ಳುವ ಒಂದು ಪಟ್ಟಿ ಇರುತ್ತದೆ, ಹೆಸರು ಜೆಡ್-ಬಫರ್. ಹತ್ತಿರದ್ದು ಉಳಿಯುತ್ತದೆ, ದೂರದ್ದು ಅಳಿಯುತ್ತದೆ. ಆಮೇಲೆ ಶೇಡರ್ ಎಂಬ ಚಿಕ್ಕ ಚಿಕ್ಕ ಪ್ರೋಗ್ರಾಮುಗಳು ಬಂದು ಬೆಳಕು, ನೆರಳು, ಹೊಳಪು ಹಚ್ಚುತ್ತವೆ.

ಸೋನಿಯ ಮೊದಲ ಪ್ಲೇಸ್ಟೇಷನ್‌ನಲ್ಲಿ (1994) ಈ ಜೆಡ್-ಬಫರ್ ಇರಲಿಲ್ಲ. ದೂರದ ತ್ರಿಕೋನಗಳನ್ನು ಮೊದಲು, ಹತ್ತಿರದವನ್ನು ಕೊನೆಗೆ ಬಳಿಯುವಂತೆ ಆಟವೇ ಸಾಲು ಹಚ್ಚಬೇಕಿತ್ತು. ಸಾಲು ತಪ್ಪಿದರೆ ಗೋಡೆ ಮಿಣುಕುತ್ತಿತ್ತು. ಮೂಲೆಗಳ ಸ್ಥಾನವನ್ನು ಪೂರ್ಣಾಂಕಗಳಲ್ಲೇ ಅಳೆಯುತ್ತಿದ್ದರಿಂದ ನಿಂತ ಕಟ್ಟಡವೂ ನಡುಗುತ್ತಿತ್ತು. ಆ ನಡುಕವನ್ನು ಇಂದಿನ ಕೆಲ ಆಟಗಳು ಬೇಕೆಂದೇ ಅನುಕರಿಸುತ್ತವೆ, ಹಳೆಯದೆಲ್ಲ ಚಂದ ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ! ಎರಡು ವರ್ಷ ತಡವಾಗಿ ಬಂದ ನಿಂಟೆಂಡೊ 64ಕ್ಕೆ ಜೆಡ್-ಬಫರ್ ಇತ್ತು, ಚಿತ್ರ ಗಟ್ಟಿಯಾಗಿ ನಿಲ್ಲುತ್ತಿತ್ತು. ಆದರೆ ಮೇಲ್ಮೈ ಚಿತ್ತಾರವನ್ನು ಇಟ್ಟುಕೊಳ್ಳಲು ಅದರ ಚಿಪ್ಪಿನೊಳಗೆ 4 ಕಿಲೋಬೈಟ್ ಜಾಗವಷ್ಟೇ ಇದ್ದುದರಿಂದ ಎಲ್ಲವೂ ನೀರಲ್ಲಿ ಅದ್ದಿದಂತೆ ಮಸುಕು.

ಧ್ರುವದ ಹುಡುಗರು ಪಾರಾಗಬೇಕಿದ್ದುದು ಇಂಥ ಒಂದು ನಿಶ್ಚಿತ ಯಂತ್ರದಿಂದ ಪಿಸಿಯ ಸಂತೆಗೆ. ಆಗ ಕೆಲವರ ಪಿಸಿಯಲ್ಲಿ 3ಡಿಎಫ್‌ಎಕ್ಸ್‌ನ ವೂಡೂ ಕಾರ್ಡು, ಅದರ ಭಾಷೆ ಗ್ಲೈಡ್. ಕೆಲವಕ್ಕೆ ಮೈಕ್ರೋಸಾಫ್ಟ್‌ನ ಡೈರೆಕ್ಟ್‌3ಡಿ. ಕಾರ್ಡೇ ಇಲ್ಲದ ಪಿಸಿಯಲ್ಲಿ ಎಲ್ಲ ಲೆಕ್ಕವನ್ನೂ ಪ್ರೊಸೆಸರ್ ಒಂದೇ ಹೊರಬೇಕು. ತಮ್ಮ ಅಡುಗೆಮನೆಯ ಒಲೆಯ ಉರಿ ಬಲ್ಲ ಭಟ್ಟರನ್ನು ಕರೆದೊಯ್ದು, ಸಿಕ್ಕ ಛತ್ರದಲ್ಲಿ ಸಿಕ್ಕ ಒಲೆಯ ಮೇಲೆ ಮದುವೆಯಡುಗೆ ಮಾಡಿ ಎಂದಂತೆ.

ಇಂದಿಗೂ ತೊಡಕಿನ ಮೂಲ ಅದೇ. ಪ್ಲೇಸ್ಟೇಷನ್ 5ರಲ್ಲಿ 16 ಗಿಗಾಬೈಟ್ ಮೆಮೊರಿಯನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಹಂಚಿಕೊಳ್ಳುತ್ತವೆ. ಪಿಸಿಯ ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಬೇರೆ ಮೆಮೊರಿ ಇರುವುದರಿಂದ ಸರಕು ಅಲ್ಲಿಂದಿಲ್ಲಿಗೆ ಸಾಗಬೇಕು. ಶೇಡರ್‌ಗಳದ್ದು ಇನ್ನೊಂದು ರಗಳೆ. ಕನ್ಸೋಲಿನ ಚಿಪ್ ಯಾವುದೆಂದು ಮೊದಲೇ ಗೊತ್ತಿರುವುದರಿಂದ ಅವನ್ನು ಆ ಚಿಪ್ಪಿನ ಭಾಷೆಗೆ ಇಳಿಸಿಯೇ ಕಳಿಸುತ್ತಾರೆ. ಪಿಸಿಯಲ್ಲಿ ಆ ಕೆಲಸ ನಿಮ್ಮ ಮನೆಯಲ್ಲೇ, ನಿಮ್ಮ ಕಾರ್ಡಿಗೆ ತಕ್ಕಂತೆ ನಡೆಯಬೇಕು. ಆಟದ ನಡುವೆ ನಡೆದರೆ ಚಿತ್ರ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಹೊಸ ಆಟ ತೆರೆದಾಗ ಶೇಡರ್ ಸಿದ್ಧವಾಗುತ್ತಿದೆ ಎಂಬ ಪಟ್ಟಿ ನಿಧಾನವಾಗಿ ತುಂಬುವುದು ಇದಕ್ಕೇ. ಬೇಸರವಾದರೂ ಅದನ್ನು ಮುಗಿಯಗೊಡಿ.

ರಾಕ್‌ಸ್ಟಾರ್‌ನಂಥ ದೈತ್ಯ ಕಂಪನಿಯೂ ಇದರಿಂದ ಹೊರತಲ್ಲ. ಅದರ ‘ರೇಜ್’ ಎಂಜಿನ್ 2006ರಿಂದ ಬಳಕೆಯಲ್ಲಿದೆ. ಆದರೂ 2013ರ ‘ಜಿಟಿಎ 5’ ಪಿಸಿಗೆ ಬಂದದ್ದು 2015ರಲ್ಲಿ. 2018ರ ಅಕ್ಟೋಬರಿನಲ್ಲಿ ಕನ್ಸೋಲ್‌ಗಳಿಗೆ ಬಂದ ‘ರೆಡ್ ಡೆಡ್ ರಿಡೆಂಪ್ಷನ್ 2’ ಪಿಸಿ ಮುಟ್ಟಲು 2019ರ ನವೆಂಬರ್ ಆಯಿತು. ಆ ಆಟಕ್ಕೆ ದುಡಿದ ಸ್ಟುಡಿಯೊಗಳಲ್ಲಿ ಬೆಂಗಳೂರಿನದೂ ಒಂದು. 2019ರಲ್ಲಿ ರಾಕ್‌ಸ್ಟಾರ್ ಧ್ರುವವನ್ನೂ ಕೊಂಡು ತನ್ನ ಬೆಂಗಳೂರು ಸ್ಟುಡಿಯೊಗೆ ಸೇರಿಸಿಕೊಂಡಿತು.

ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರ ಗ್ರಾಫಿಕ್ಸ್ ತಂತ್ರವೂ ಎಎಮ್‌ಡಿ ಕಂಪನಿಯದು. ಒಂದರಲ್ಲಿ 36 ಲೆಕ್ಕದ ಘಟಕಗಳು 2.23 ಗಿಗಾಹರ್ಟ್ಸ್‌ವರೆಗೆ ಓಡಿದರೆ, ಇನ್ನೊಂದರಲ್ಲಿ 52 ಘಟಕಗಳು 1.825ರಲ್ಲಿ ನಡೆಯುತ್ತವೆ. ಒಂದೇ ತಾಯಿಯ ಮಕ್ಕಳು, ಸ್ವಭಾವ ಬೇರೆ. ಆ ಎಎಮ್‌ಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಇಂಟೆಲ್, ಎನ್‌ವಿಡಿಯಾಗಳಿಗೂ ಇಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಕೆಳಗಿನ ಚಿಪ್ಪಿನ ಕೆಲಸ ಗೊತ್ತು, ಮೇಲಿನ ಚಿತ್ರದ ಕೆಲಸವೂ ಗೊತ್ತು. ನಡುವಿನ ಎಂಜಿನ್ ಮಾತ್ರ ನಮ್ಮದಲ್ಲ. ಅನ್‌ರಿಯಲ್, ಯೂನಿಟಿ, ರೇಜ್ ಮೂರರ ಒಡೆತನವೂ ಅಮೆರಿಕದ ಕಂಪನಿಗಳದ್ದು. ಇದು ಬುದ್ಧಿಯ ಕೊರತೆಯಲ್ಲ, ಬೇರೆಯವರ ಆಟಕ್ಕೆ ಬಿಡಿಕೆಲಸ ಮಾಡಿಕೊಡುವ ದಾರಿಯನ್ನೇ ಹಿಡಿದದ್ದರ ಫಲ ಎಂದು ನನ್ನ ಅನಿಸಿಕೆ.

ಎಂಜಿನಿಯರಿಂಗ್ ಓದುತ್ತಿರುವವರು ಗೊಡೋ ಎಂಜಿನ್ ತೆರೆದು ನೋಡಿ. ಅದರ ಮೂಲಕೋಡ್ 2014ರಲ್ಲೇ ಮುಕ್ತವಾಗಿದೆ. ಓದಲು, ತಿದ್ದಲು, ಅದರಲ್ಲಿ ಆಟ ಕಟ್ಟಿ ಮಾರಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಶುರುಮಾಡಲು ದುಬಾರಿ ಕಾರ್ಡೂ ಬೇಡ, ಮನೆಯಲ್ಲಿರುವ ಸಾಧಾರಣ ಲ್ಯಾಪ್‌ಟಾಪ್ ಸಾಕು.