ಮುರಕಲ್ಲ ನೆಲದಲ್ಲಿ ಕಳೆದ ಓಲೆ

ಬೆಳ್ತಂಗಡಿಯ ಅಡಿಕೆ ತೋಟದಲ್ಲಿ ಕಳೆದ ಚಿನ್ನದ ಓಲೆಯನ್ನು ಅರಸಲು ಲೋಹಶೋಧಕ ಯಂತ್ರ ಹಿಡಿದವನಿಗೆ ಮೊದಲು ಎದುರಾಗುವುದು ಮುರಕಲ್ಲು. ಕಬ್ಬಿಣದ ಅಂಶ ತುಂಬಿದ ಆ ಕೆಂಪು ನೆಲವೇ ಯಂತ್ರವನ್ನು ಕೂಗಿಸುತ್ತದೆ. ಸೂಕ್ಷ್ಮತೆಯನ್ನು ಕೊನೆಯವರೆಗೆ ಏರಿಸುವ ಆಸೆ ಸಹಜ. ಏರಿಸಿದಷ್ಟೂ ಮಣ್ಣಿನ ಗದ್ದಲವೇ ಬೆಳೆದು ಓಲೆಯ ದನಿ ಅಡಗುತ್ತದೆ. ಲೋಹವಿಲ್ಲದ ಜಾಗದಲ್ಲಿ ಸುರುಳಿಯನ್ನು ಮೇಲೆ ಕೆಳಗೆ ಆಡಿಸಿ, ಸದ್ದಡಗುವಂತೆ ನೆಲಕ್ಕೆ ಯಂತ್ರವನ್ನು ಹೊಂದಿಸಬೇಕು. ಆಮೇಲೆ ಸೂಕ್ಷ್ಮತೆಯನ್ನು ತಗ್ಗಿಸಬೇಕು. ಮಳೆ ಬಿದ್ದರೆ ಹೊಂದಿಕೆ ಮತ್ತೊಮ್ಮೆ ಆಗಬೇಕು. ಬಂಟ್ವಾಳದ ನೇತ್ರಾವತಿಯ ಮರಳಿನಲ್ಲಾದರೋ, ಕರಿಮರಳು ಬೆರೆಯದಿದ್ದರೆ, ಸೂಕ್ಷ್ಮತೆಯನ್ನು ಧಾರಾಳವಾಗಿ ಏರಿಸಬಹುದು.

ಮೂಡುಬಿದಿರೆಯ ಪೇಟೆಯ ಅಂಗಳದಲ್ಲಿ ತೊಡಕೇ ಬೇರೆ: ಮೊಳೆ, ಮುಚ್ಚಳ, ಅಲ್ಯುಮಿನಿಯಂ ಹಾಳೆಯ ಚೂರು. ಕಸವನ್ನು ತಿರಸ್ಕರಿಸುವ ಏರ್ಪಾಡನ್ನು ಬಿಗಿಗೊಳಿಸಿದರೆ ಹಾಳೆಯೊಡನೆ ತೆಳು ಚಿನ್ನವೂ ಮೂಕವಾಗುತ್ತದೆ. ಯಂತ್ರದ ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಚಿಕ್ಕ ಸುರುಳಿ, ನಿಧಾನದ ಬೀಸು, ಬೇಸರವಿಲ್ಲದ ಅಗೆತ—ಅಲ್ಲಿ ಇವೇ ಲೇಸು. ಓಲೆಯ ಬದಲು ಹಳೆಯ ನಾಣ್ಯಗಳ ಗಡಿಗೆ ಸಿಕ್ಕಿತೋ, 1962ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.